ಪರದೆಯ ಆಚೆ ಈಚೆ ಒಂದೇ ಕೋತಿ

ಫಸಲಿ ೧೩೫೦, ಫರವರ್ದಿ ತಿಂಗಳ ಹನ್ನೆರಡು, ಶುಕ್ರವಾರ. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಶುರುವಾಯಿತು. ನನ್ನ ದಿನಚರಿಯ ಆ ಪುಟದ ಮೊದಲ ಸಾಲು ಇದು. ನಿಜಾಮರ ರಾಜ್ಯದಲ್ಲಿ ಶಾಲೆಯ ಹಾಜರಿ ಪುಸ್ತಕದಲ್ಲೂ ಕಚೇರಿಯ ಕಾಗದದಲ್ಲೂ ತಿಂಗಳುಗಳಿಗೆ ಇಂಥ ಹೆಸರುಗಳೇ ಇದ್ದವು. ವಾರದ ರಜೆ ಶುಕ್ರವಾರ. ಇಂಗ್ಲಿಷ್ ಲೆಕ್ಕಕ್ಕೆ ಅದು ೧೯೪೧ರ ಫೆಬ್ರವರಿ. ಈಗ ಬಸವಕಲ್ಯಾಣ ಎನ್ನುವ ಊರನ್ನು ಆಗ ಕಲ್ಯಾಣಿ ಎನ್ನುತ್ತಿದ್ದೆವು. ನನಗೆ ಹನ್ನೊಂದು ವರ್ಷ. ಕೆಂಪು ಬಟ್ಟೆಯ ಹೊದಿಕೆಯಿದ್ದ ಒಂದು ಪುಸ್ತಕದಲ್ಲಿ ದಿನವೂ ಬರೆಯುತ್ತಿದ್ದೆ: ಇವತ್ತು ಎಷ್ಟು ರೊಟ್ಟಿ ಬಡಿದರು, ತೊಲೆಯ ಸಂದಿನಲ್ಲಿ ಎಷ್ಟು ಗುಬ್ಬಿ ಗೂಡು ಕಟ್ಟಿದವು, ಊಟವಾದ ಮೇಲೆ ಮುತ್ಯಾ, ಎಂದರೆ ನಮ್ಮ ಅಜ್ಜ, ಎಷ್ಟು ಸಲ ಸೀನಿದ. ಯಾರೂ ಬರೆ ಎಂದಿರಲಿಲ್ಲ. ಬರೆಯದಿದ್ದರೆ ಆ ದಿನ ಎಲ್ಲೋ ಜಾರಿಹೋದಂತೆ ಅನ್ನಿಸುತ್ತಿತ್ತು, ಅಷ್ಟೆ.

ಅವತ್ತು ಶುರುವಾದದ್ದು ಸಿನಿಮಾ. ನಮ್ಮ ಅಪ್ಪನ ತಮ್ಮ, ಚಂದ್ರಪ್ಪ ಕಾಕಾ, ಹುಮನಾಬಾದಿನ ಕಾಳಿನ ಪೇಟೆಯಲ್ಲಿ ಒಂದು ಅಡತಿ ಅಂಗಡಿಯಲ್ಲಿದ್ದ. ಡೇರೆ ಹಾಕಿ ಊರೂರು ಸಿನಿಮಾ ತೋರಿಸುವವನೊಬ್ಬ ಮಳೆಗಾಲದಲ್ಲಿ ತನ್ನ ಟ್ರಂಕನ್ನು ಆ ಅಂಗಡಿಯ ಉಗ್ರಾಣದಲ್ಲಿ ಇಟ್ಟುಹೋಗುತ್ತಿದ್ದನಂತೆ. ಮಾತಾಡುವ ಸಿನಿಮಾ ಬಂದ ಮೇಲೆ ಮೂಕ ಚಿತ್ರಗಳನ್ನು ಕೇಳುವವರು ಇಲ್ಲವಾದರು. ಬೇಕಾದರೆ ನೀನೇ ಇಟ್ಟುಕೋ ಎಂದು ಹೇಳಿ ಅವನು ಹೊರಟುಹೋದ. ಕಾಕಾ ಆ ಟ್ರಂಕನ್ನು ಸರ್ವಿಸ್ ಮೋಟಾರಿನ, ಎಂದರೆ ಬಸ್ಸಿನ, ನೆತ್ತಿಗೆ ಕಟ್ಟಿಸಿಕೊಂಡು ಗುರುವಾರ ಸಂಜೆ ಮನೆಗೆ ಬಂದ. ಒಳಗೆ ಕಪ್ಪು ತಗಡಿನ ಒಂದು ಯಂತ್ರ. ಅದರ ಹೊಟ್ಟೆಯಲ್ಲಿ ಸೀಮೆಎಣ್ಣೆಯ ದೀಪ, ನೆತ್ತಿಯ ಮೇಲೆ ಹೊಗೆ ಹೋಗಲು ಕೊಳವೆ, ಮುಂದೆ ಒಂದು ಕಣ್ಣು, ಪಕ್ಕಕ್ಕೆ ಕೈಯಿಂದ ತಿರುವುವ ಹಿಡಿ. ಜೊತೆಗೆ ಮೂರು ಡಬ್ಬಿ, ಒಂದೊಂದರಲ್ಲಿ ಒಂದೊಂದು ರೀಲು. ಮೂರೂ ಬಿಳಿಯರ ದೇಶದ ಕಿಲಾಡಿ ಪ್ರಾಣಿಗಳ ಚಿತ್ರಗಳು. ಒಂದರಲ್ಲಿ ಕೋತಿ, ಒಂದರಲ್ಲಿ ನಾಯಿಮರಿ, ಒಂದರಲ್ಲಿ ಆಡು. ಯಾವುದೂ ಮೂರು ನಿಮಿಷಕ್ಕಿಂತ ಹೆಚ್ಚಿರಲಿಲ್ಲ. ಪಡಸಾಲೆಯ ಗಡಿಯಾರ ನೋಡಿ ನಾನೇ ಬರೆದಿಟ್ಟಿದ್ದೇನೆ.

ನಮ್ಮ ಮನೆ ಕಲ್ಲಿನದು, ಮೇಲೆ ಮಣ್ಣಿನ ಮಾಳಿಗೆ. ಹಗಲಿನಲ್ಲೂ ಕದ ಮುಚ್ಚಿ, ಮಾಳಿಗೆಯ ಬೆಳಕಿಂಡಿಯ ಮೇಲೆ ಗೋಣಿಚೀಲ ಹಾಸಿದರೆ ಕತ್ತಲೆ ತಾನಾಗಿ ಆಗುತ್ತಿತ್ತು. ಮುಂದೆ ಪಡಸಾಲೆ, ಅದು ಗಂಡಸರದು. ಅಲ್ಲಿ ಮುತ್ಯಾನ ಗಾದಿ, ಲೋಡು, ಗಡಿಯಾರ. ಹಿಂದೆ ನಡುಮನೆ ಮತ್ತು ಅಡುಗೆಮನೆ, ಅದು ಹೆಂಗಸರದು. ಎರಡರ ನಡುವೆ ಅಗಲವಾದ ಒಂದೇ ಬಾಗಿಲು. ಆ ಬಾಗಿಲಿಗೆ ಮುತ್ಯಾನ ಬಿಳಿ ಧೋತರವನ್ನು ಅಡ್ಡಲಾಗಿ ಬಿಗಿದು ಕಟ್ಟಿದರು. ಯಂತ್ರ ಪಡಸಾಲೆಯಲ್ಲಿ, ಮುತ್ಯಾ, ಅಪ್ಪ, ಓಣಿಯ ಇಬ್ಬರು ಮೂವರು ಗಂಡಸರು ಅಲ್ಲೇ. ಆಯಿ, ಎಂದರೆ ನಮ್ಮ ಅಜ್ಜಿ, ಅವ್ವ, ಹಿತ್ತಲ ಬಾಗಿಲಿನಿಂದ ಬಂದ ಪಕ್ಕದ ಮನೆಯ ರಹಿಮತ್ ಖಾಲಾ, ಇನ್ನಿಬ್ಬರು ಹೆಂಗಸರು ನಡುಮನೆಯಲ್ಲಿ ಕೂತು ಪರದೆಯ ಹಿಂಬದಿಯಿಂದ ನೋಡುವುದು. ಬಟ್ಟೆಯನ್ನು ಒದ್ದೆ ಮಾಡಿದರೆ ಹಿಂದೆಯೂ ಚಿತ್ರ ಚೆನ್ನಾಗಿ ಮೂಡುತ್ತದೆ ಎಂದು ಡೇರೆಯವನು ಕಾಕಾನಿಗೆ ಕಲಿಸಿದ್ದನಂತೆ. ನೀರಿನ ಕೊಡ ಇದ್ದದ್ದು ಒಳಗೆ. ಹಾಗಾಗಿ ಚೊಂಬಿನಲ್ಲಿ ನೀರು ತಂದು ಧೋತರಕ್ಕೆ ಎರಚುವ ಕೆಲಸ ನನಗೆ ಬಂತು. ಪರದೆಯ ಅಡಿಯಲ್ಲಿ ನುಸುಳಿ ಎರಡೂ ಕಡೆ ಓಡಾಡಬಹುದಾದವಳು ನಾನೊಬ್ಬಳೇ. ಆದರೆ ನೀರು ಎರಚಿದ್ದೇ ತಡ, ಪಡಸಾಲೆಗೆ ಬಂದು ಯಂತ್ರದ ಪಕ್ಕ ಕೂತುಬಿಡುತ್ತಿದ್ದೆ. ಹಿಡಿ ತಿರುಗಿದಾಗ ಆಗುವ ಟರ್ರೆಂಬ ಸದ್ದು, ಬಿಸಿ ತಗಡಿನ ವಾಸನೆ, ಕೊಳವೆಯಿಂದ ಮೇಲೇಳುವ ಎಳೆ ಹೊಗೆ, ಬೆಳಕಿನ ದಾರಿಯಲ್ಲಿ ತೇಲುವ ಧೂಳು, ಇವೆಲ್ಲ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಒಳಗಿನವರಿಗೆ ಬರೀ ಚಿತ್ರ.

ಕೋತಿಯ ಚಿತ್ರವೇ ಎಲ್ಲರಿಗೂ ಇಷ್ಟ. ಸಾಹೇಬರ ಮನೆಯ ಮೇಜು. ತಟ್ಟೆ, ಚಮಚ, ಚಾಕು ಎಲ್ಲ ಜೋಡಿಸಿಟ್ಟು ಅಡುಗೆಯವನು ಆಚೆ ತಿರುಗುತ್ತಾನೆ. ಕೋತಿ ಕುರ್ಚಿ ಏರಿ, ಕುತ್ತಿಗೆಗೆ ಕರವಸ್ತ್ರ ಸಿಕ್ಕಿಸಿಕೊಂಡು, ಸಾಹೇಬರಂತೆ ಗಂಭೀರವಾಗಿ ಕೂರುತ್ತದೆ. ಚಮಚವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಎಸೆಯುತ್ತದೆ. ಚಾಕುವನ್ನು ಮೂಸಿ ಎಸೆಯುತ್ತದೆ. ಆಮೇಲೆ ತಟ್ಟೆಗೆ ಕೈ ಹಾಕಿ ಗಬಗಬ ತಿನ್ನುತ್ತದೆ. ಮೊದಲ ಸಲ ಇದನ್ನು ಕಂಡಾಗ ಮುತ್ಯಾ ಲೋಡಿನ ಮೇಲೆ ಗುದ್ದಿದ.

"ಚಮಚಾ ಒಗದು ಕೈಲೇ ಉಣ್ಣಾಕತ್ತದ ನೋಡ್ರಿ! ಸಾಹೇಬಗಿಂತ ಕೋತೀನೇ ಶ್ಯಾಣ್ಯಾ!"

ಪರದೆಯ ಹಿಂದಿನಿಂದ ಖಾಲಾಳ ದನಿ ಬಂತು.

"ಅರೇ ಅಲ್ಲಾ! ಈ ಬಂದರ್‌ಗೆ ಅವ್ವ ಇಲ್ಲೇನು, ಬೆನ್ನಿಗೆ ಎರಡು ಬಿಗಿಯಾಕ?"

"ಇರ್ಲಿ ಬಿಡ ರಹಿಮತ್," ಎಂದಳು ಆಯಿ. "ಹಸದದ, ಪಾಪ. ಆ ಅಡಿಗಿಯವಗರೆ ಕಣ್ಣಿಲ್ಲೇನು?"

ಅವತ್ತಿನ ಪಟ್ಟಿ ನನ್ನ ಮುಂದಿದೆ. ಆಯಿ ನಕ್ಕಿದ್ದು ಹದಿನಾಲ್ಕು ಸಲ. ಖಾಲಾ ಒಂಬತ್ತು. ಅವ್ವ ಆರು, ಬಾಯಿಗೆ ಸೆರಗು ಒತ್ತಿಕೊಂಡು. ಮುತ್ಯಾ ಸೊನ್ನೆ. ಅವನು ಲೋಡು ಗುದ್ದಿದ್ದನ್ನು ನಗು ಎಂದು ಹಿಡಿಯಬೇಕೋ ಬೇಡವೋ ತಿಳಿಯದೆ ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟಿದ್ದೇನೆ.

ಎರಡನೆಯ ಶುಕ್ರವಾರ ಕಾಕಾ ಹಿಡಿಯನ್ನು ಹಿಂದಕ್ಕೆ ತಿರುವಿ ತೋರಿಸಿದ. ಒಣಹಾಕಿದ ಬಟ್ಟೆಗಳನ್ನು ಒಂದೊಂದಾಗಿ ತಿಂದ ಆಡು ಈಗ ಒಂದೊಂದಾಗಿ ಬಾಯಿಂದ ತೆಗೆದು ಹಗ್ಗಕ್ಕೆ ಹಾಕತೊಡಗಿತು. ಅಂಗಿ, ಚಡ್ಡಿ, ಸಾಹೇಬರ ಹೆಂಡತಿಯ ಕಾಲುಚೀಲ. ಒಳಗೆ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಾಯಿಮರಿ ಬಿಚ್ಚಿ ಹರಡಿದ್ದ ಉಣ್ಣೆಯ ಉಂಡೆಯೂ ತಾನಾಗಿ ಸುತ್ತಿಕೊಂಡು ಮುದುಕಿಯ ತೊಡೆಗೆ ಏರಿತು. ಇಂಥ ನಾಯಿ ಒಂದಿದ್ದರೆ ಮನೆಯ ಅರ್ಧ ಕೆಲಸ ಮುಗಿದಂತೆ ಎಂದಳು ಅವ್ವ. ಆ ಗದ್ದಲದಲ್ಲೇ ನಾನು ಕಾಕಾನ ತೋಳಿಗೆ ಜೋತುಬಿದ್ದು, ನನಗೂ ಒಂದು ಸಲ ತಿರುವಲು ಕೊಡು ಎಂದು ಕೇಳಿದೆ. ಮುತ್ಯಾ ಅದನ್ನು ಕೇಳಿಸಿಕೊಂಡ.

"ನೀಲಾ, ಯುಗಾದಿಗೆ ನಿನಗ ಹನ್ನೆರಡು ತುಂಬ್ತಾವ. ಅವತ್ತಿನಿಂದ ನೀನು ಹೆಣ್ಮಕ್ಕಳ ಕಡೀಗೆ ಕೂಡಬೇಕು. ಈ ಹಿಡಿ ಗಿಡಿ ಮರತುಬಿಡು."

ಸಿಟ್ಟಿನಿಂದ ಹೇಳಿದ್ದಲ್ಲ. ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಮಣ್ಣು ಹಾಕಬೇಕು ಎನ್ನುವಷ್ಟು ಸಹಜವಾಗಿ ಹೇಳಿದ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಸಿಟ್ಟಿನ ಮಾತಾದರೆ ಎರಡು ದಿನಕ್ಕೆ ಇಳಿಯುತ್ತದೆ. ಅವತ್ತಿನ ಪುಟದ ಕೆಳಗೆ, ಯುಗಾದಿಗೆ ಮೊದಲು ಉಳಿದ ಶುಕ್ರವಾರ ನಾಲ್ಕು, ಎಂದು ಬರೆದು ಎರಡು ಗೆರೆ ಎಳೆದೆ.

ಜಗಳ ಹುಟ್ಟಿದ್ದು ಆ ವಾರ ಒಂದು ದಿನ ಊಟದ ಹೊತ್ತಿನಲ್ಲಿ. ಪಡಸಾಲೆಯಲ್ಲಿ ಮುತ್ಯಾನಿಗೆ ರೊಟ್ಟಿ, ಪುಂಡಿಪಲ್ಯ ಬಡಿಸಿ, ಅವನ ಪಕ್ಕದಲ್ಲೇ ನಾನೂ ಉಣ್ಣಲು ಕೂತಿದ್ದೆ. ಬಲಗೈ ತುಂಬ ಪಲ್ಯವಿತ್ತು. ಶೇಂಗಾ ಹಿಂಡಿಯನ್ನು, ಎಂದರೆ ಚಟ್ನಿಪುಡಿಯನ್ನು, ಎಡಗೈಯಿಂದ ಎತ್ತಿಕೊಂಡೆ. ಮುತ್ಯಾ ನನ್ನ ಮಣಿಕಟ್ಟಿನ ಮೇಲೆ ಮೆಲ್ಲಗೆ ತಟ್ಟಿದ.

"ಆ ಕೋತೀನ ನೋಡಿ ಕಲಿ. ಪ್ರಾಣಿ ಆದ್ರೂ ಬಲಗೈಲೇ ಉಣ್ತದ."

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಎಲ್ಲಿ ಬಲಗೈರಿ?" ಎಂದಳು ಆಯಿ. "ಎಡಗೈಲೆ ಬಾಚಿ ಬಾಚಿ ತಿಂತದ. ನಾ ನೋಡಿ ಹೇಸಿಗಿ ಬಂದು ಬೈದಿಲ್ಲೇನು, ಎರಡೂ ವಾರ?"

"ನಿನಗ ಕಣ್ಣು ಮಂಜ ಆಗ್ಯಾವ."

"ನನ್ನ ಕಣ್ಣು ಮಂಜ ಆಗಿದ್ರ ನಿಮ್ಮ ರೊಟ್ಟಿ ಹೊತ್ತತಿದ್ವು. ಇಲ್ಲಿತನಕ ಒಂದರೆ ಹೊತ್ತ್ಯಾವೇನು?"

ಇದು ನಗುವ ಮಾತಿನಂತೆ ಶುರುವಾಗಿ ನಾಲ್ಕು ದಿನ ನಡೆಯಿತು. ಅಪ್ಪ ಬಲಗೈ ಎಂದ. ಅವ್ವ ಎಡಗೈ ಎಂದಳು. ಹಿತ್ತಲ ಗೋಡೆಯ ಮೇಲಿಂದ ಖಾಲಾ, ಎಡಗೈ ಅಂತ ಆಣೆ ಮಾಡಿ ಹೇಳ್ತೀನಿ, ಎಂದಳು. ಗೋಡೆಯ ಆಚೆ ಅವಳ ಗಂಡ, ಸೀದಾ ಹಾತು, ಸೀದಾ ಹಾತು, ಬಲಗೈ ಎಂದು ಕೂಗುತ್ತಿದ್ದ. ನಮ್ಮ ಮನೆಗಳಲ್ಲಿ ಎಡಗೈಯಿಂದ ಯಾರಾದರೂ ಒಂದು ಲವಂಗ ಕೊಟ್ಟರೂ ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಕೋತಿಯ ಕೈ ಸಣ್ಣ ಸಂಗತಿಯಾಗಿರಲಿಲ್ಲ. ಮುತ್ಯಾ ಅದನ್ನು ಮೆಚ್ಚಿ ಮಾತಾಡಿಬಿಟ್ಟಿದ್ದ.

ಮೂರನೆಯ ಶುಕ್ರವಾರ ಅವ್ವನಿಗೆ ಜ್ವರ. ನೀರು ಎರಚಿದ ಮೇಲೂ ನಾನು ಒಳಗೇ ಅವಳ ಪಕ್ಕ ಉಳಿಯಬೇಕಾಯಿತು. ಸಂಜೆ ಬರೆಯುವಾಗ, ಕೋತಿ, ಎಡಗೈ, ಎಂದು ಬರೆದೆ. ಸುಮ್ಮನೆ ಹಿಂದಿನ ಪುಟಗಳನ್ನು ತಿರುವಿದೆ. ಮೊದಲ ಎರಡೂ ಶುಕ್ರವಾರದ ಪುಟಗಳಲ್ಲಿ ನನ್ನದೇ ಅಕ್ಷರದಲ್ಲಿ ಬಲಗೈ ಎಂದಿತ್ತು. ಮುತ್ಯಾ ತಪ್ಪಿರಬಹುದು, ಆಯಿ ತಪ್ಪಿರಬಹುದು, ಆದರೆ ನನ್ನ ಪುಸ್ತಕದಲ್ಲಿ ತಪ್ಪು ಹೇಗೆ ಬಂತು? ಆ ಪುಟವನ್ನು ಹರಿಯಬೇಕೆಂದು ಎತ್ತಿ ಹಿಡಿದಾಗ, ಕಿಟಕಿಯ ಬೆಳಕು ಹಿಂದಿನಿಂದ ಬಿದ್ದು, ಆಚೆ ಬದಿಯ ಅಕ್ಷರಗಳು ಕಾಣಿಸಿದವು. ಎಲ್ಲ ತಿರುಗುಮುರುಗು. ಬಲಕ್ಕೆ ಬಳುಕಬೇಕಾದ ಕೊಂಬು ಎಡಕ್ಕೆ ಬಳುಕಿತ್ತು. ಪುಟ ಹರಿಯಲಿಲ್ಲ. ಅದನ್ನೇ ಹಿಡಿದು ಪಡಸಾಲೆಗೆ ಓಡಿದೆ.

"ಮುತ್ಯಾ, ನೀವೂ ಖರೆ, ಆಯೀನೂ ಖರೆ. ಹಿಂದಿನಿಂದ ನೋಡಿದ್ರ ಎಲ್ಲಾ ತಿರುಗಿ ಕಾಣ್ತದರಿ. ಈ ಅಕ್ಷರ ನೋಡ್ರಿ."

ಮುತ್ಯಾ ಕಾಗದವನ್ನು ಈಚೆಯಿಂದ ನೋಡಿದ, ಆಚೆಯಿಂದ ನೋಡಿದ.

"ಅಕ್ಷರ ಬ್ಯಾರೆ, ಕೋತಿ ಬ್ಯಾರೆ. ಅಕ್ಷರಕ್ಕ ಕೈ ಎಲ್ಲ್ಯಾವ?"

ಆಯಿಯೂ ಒಪ್ಪಲಿಲ್ಲ. ಧೋತರದ ಆಚೆ ಹೋದ ಮಾತ್ರಕ್ಕೆ ಮುತ್ಯಾನ ಮೂಗು ಬೆನ್ನಿಗೆ ಹೋಗುತ್ತದೆಯೇ ಎಂದು ಕೇಳಿದಳು. ನಾಲ್ಕನೆಯ ಶುಕ್ರವಾರ ನಾನು ಪರದೆಯ ಅಡಿಯಲ್ಲಿ ಮೂರು ಸಲ ನುಸುಳಿ ಇಬ್ಬರಿಗೂ ಕೂಗಿ ಹೇಳಿದೆ: ಇಲ್ಲಿ ಬಲಗೈ, ಇಲ್ಲಿ ಎಡಗೈ. ಹುಡುಗಿಗೆ ಎರಡೂ ಕಡೆ ಚಾಡಿ ಹೇಳುವ ಚಟ ಹತ್ತಿದೆ ಎಂದರು. ಆಯಿ ಕಡೆಗೆ, ಹೊರಗೆ ಬಂದು ನನ್ನ ಕಣ್ಣಿಂದ ನೋಡಿದರೆ ಮಾತ್ರ ನಂಬುತ್ತೇನೆ ಎಂದಳು. ಆದರೆ ಗಂಡಸರು ಕೂತಿರುವ ಪಡಸಾಲೆಗೆ ಅವಳು ಬರುವುದಾದರೂ ಹೇಗೆ? ದಾರಿ ತೋರಿಸಿದವಳು ಖಾಲಾ. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಪರದೆಯ ಕಡೆಗೆ ಮುಖ ಮಾಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಮರ್ದ್ ಲೋಗಾ ಒಳಗ ಬರ್ಲಿ, ನಾವು ಹೊರಗ ಹೋಗ್ತೀವಿ. ಪರದಾ ಇದ್ದಲ್ಲೇ ಇರ್ತದ. ಯಾರ ಮರ್ಯಾದಿ ಎಲ್ಲಿ ಹೋಗ್ತದ ಇದರಾಗ?"

ಮುತ್ಯಾ ಲೋಡನ್ನು ಪಕ್ಕಕ್ಕೆ ಸರಿಸಿ ನೆಟ್ಟಗೆ ಕೂತ.

"ಆತು," ಎಂದ ಮುತ್ಯಾ. "ಮುಂದಿನ ಶುಕ್ರವಾರ. ಒಂದು ಸಲ. ಆದ್ರ ಆಮ್ಯಾಲ ಈ ಮನ್ಯಾಗ ಕೋತಿ ಸುದ್ದಿ ಬಂದ್!"

ಹಿತ್ತಲ ಬಾಗಿಲಿನಿಂದ ಹೊರಗಿನ ಹೆಂಗಸರೆಲ್ಲ ಹೋದ ಮೇಲೆ ಕಾಕಾನಿಗೆ ತಲೆಬಿಸಿ ಶುರುವಾಯಿತು. ಗಂಡಸರೆಲ್ಲ ಒಳಗೆ ಹೋದರೆ ಅವನೂ ಹೋಗಬೇಕು. ಖಾಲಾ ಮತ್ತು ಓಣಿಯ ಸೊಸೆಯರು ಕೂತಿರುವ ಕಡೆ ಅವನು ನಿಲ್ಲುವಂತಿಲ್ಲ. ಹಾಗಾದರೆ ಯಂತ್ರ ಯಾರು ತಿರುವುವುದು? ಆಯಿ, ನನ್ನಿಂದಾಗದು ಎಂದಳು. ಅವ್ವ ಯಂತ್ರದ ಹತ್ತಿರವೂ ಬರಲಿಲ್ಲ. ಕಾಕಾ ನನ್ನ ಕಡೆ ನೋಡಿದ. ನಾನು ಮುತ್ಯಾನ ಕಡೆ ನೋಡಿದೆ. ಮುತ್ಯಾ ಅಡಕೆ ಕತ್ತರಿಸುತ್ತ, ಒಂದು ಸಲಕ್ಕ ಏನಾಗ್ತದ, ಎಂದ.

ಮುಂದಿನ ಗುರುವಾರ ಸಂಜೆ ಕಾಕಾ ಹುಮನಾಬಾದಿನಿಂದ ಬಂದವನೇ ನನ್ನನ್ನು ಯಂತ್ರದ ಮುಂದೆ ಕೂರಿಸಿದ. ರೀಲು ಹಾಕದೆ ಬರಿಯ ಹಿಡಿ ತಿರುವಿಸಿದ.

"ಗಡಿಯಾರ ಒಂದು ಟಿಕ್ ಅಂದ್ರ ಎರಡು ಸುತ್ತು. ಹೆಚ್ಚು ತಿರುವಿದ್ರ ಕೋತಿಗೆ ಭೂತ ಹಿಡಿತದ. ಕಡಿಮಿ ತಿರುವಿದ್ರ ನಿದ್ದಿ ಬರ್ತದ. ನಡುವ ನಿಂದರ್ಸಿದಿ ಅಂದ್ರ ದೀಪದ ಬಿಸಿಗೆ ರೀಲಿನ ಪಟ್ಟಿ ಸುಟ್ಟುಹೋಗ್ತದ, ತಿಳೀತೇನು? ನಗು ಬಂದ್ರೂ ನಿಂದರ್ಸಬ್ಯಾಡ. ಸೀನು ಬಂದ್ರೂ ನಿಂದರ್ಸಬ್ಯಾಡ."

"ಎಣಿಸಿಕೋತ ತಿರುವಲೇನು ಕಾಕಾ?"

"ನೀ ಎಣಿಸದ ಏನು ಮಾಡೀಯವ್ವಾ, ಹೇಳು!"

ಐದನೆಯ ಶುಕ್ರವಾರ. ಎರಡು ಗಂಟೆ ಇಪ್ಪತ್ತೈದು ನಿಮಿಷ. ಗಂಡಸರು ತಲೆ ತಗ್ಗಿಸಿಕೊಂಡು ನಡುಮನೆಗೆ ಹೋದರು. ಮುತ್ಯಾ ಅಡುಗೆಮನೆಯ ಹೊಸ್ತಿಲ ಹತ್ತಿರ ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಿದ್ದನ್ನು ಅವತ್ತೇ ಮೊದಲ ಸಲ ಕಂಡೆ. ಪರದೆ ಕಟ್ಟಿಯಾದ ಮೇಲೆ, ಹಿತ್ತಲಲ್ಲಿ ಕಾದಿದ್ದ ಹೆಂಗಸರು ಅಂಗಳವನ್ನು ಸುತ್ತಿ ಮುಂಬಾಗಿಲಿನಿಂದ ಪಡಸಾಲೆಗೆ ಬಂದರು. ಆಯಿ ಗಾದಿಯ ಮುಂದೆ ನಿಂತಳು. ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಅವಳು ಆ ಗಾದಿಯನ್ನು ದಿನವೂ ಝಾಡಿಸಿದ್ದಳು, ಮಳೆಗಾಲ ಮುಗಿದ ಮೇಲೆ ಬಿಸಿಲಿಗೆ ಹಾಕಿದ್ದಳು, ಅದರ ಮೇಲೆ ಕೂತಿರಲಿಲ್ಲ. ಖಾಲಾ ಅವಳ ಹೆಗಲು ಹಿಡಿದು ಒತ್ತಿದಳು.

"ಕೂಡು ಆಪಾ, ಅದೇನು ಕಚ್ಚತದೇನು?"

ಆಯಿ ಕೂತಳು. ಲೋಡಿಗೆ ಮೊಣಕೈ ಊರಿ ನೋಡಿದಳು. ಹಿತವೆನಿಸಿತೋ ಏನೋ, ಕಾಲು ಚಾಚಿದಳು.

ನಾನು ಹಿಡಿ ಹಿಡಿದೆ. ಒಂದು, ಎರಡು, ಮೂರು. ಅಂಗೈ ಬೆವತು ಹಿಡಿ ಜಾರುತ್ತಿತ್ತು. ಎಪ್ಪತ್ತಕ್ಕೆ ಅಡುಗೆಯವನು ಆಚೆ ತಿರುಗಿರಬೇಕು, ನೂರಕ್ಕೆ ಕೋತಿ ಕುರ್ಚಿ ಏರಿರಬೇಕು. ನಾನು ಪರದೆ ನೋಡುತ್ತಿರಲಿಲ್ಲ. ಹಲ್ಲಿನ ಚಕ್ರದ ಮೇಲೆ ಹತ್ತಿ ಇಳಿಯುತ್ತಿದ್ದ ಪಟ್ಟಿಯನ್ನೇ ನೋಡುತ್ತಿದ್ದೆ. ಇನ್ನೂರ ಹತ್ತಕ್ಕೆ ಚಮಚ ಬಿತ್ತು ಎಂದು ಖಾಲಾಳ ನಗುವಿನಿಂದ ತಿಳಿಯಿತು. ಆಯಿ ಗಾದಿಯಿಂದ ಎದ್ದು ಪರದೆಯ ಹತ್ತಿರಕ್ಕೇ ಹೋಗಿಬಿಟ್ಟಳು. ಅವಳ ನೆರಳು ಸಾಹೇಬರ ಮೇಜಿನ ಮೇಲೆ ಬಿತ್ತು.

"ಬಲಗೈ!" ಎಂದು ಕೂಗಿದಳು. "ಏ ರಹಿಮತ್, ಬಲಗೈ ಮಾಡ್ಯದಲ್ಲಾ! ನಾ ಬೈದದ್ದು ಕೇಳಿ ತಿದ್ದಿಕೊಂಡದ ನೋಡು!"

ಅದೇ ಗಳಿಗೆಗೆ ಪರದೆಯ ಆಚೆಯಿಂದ ಮುತ್ಯಾನ ದನಿ.

"ಎಡಗೈ! ಏ ಚಂದ್ರ್ಯಾ, ಎಡಗೈ ಆತಲ್ಲೋ! ಯಾರೋ ಕೆಡಿಸ್ಯಾರ ಇದನ್ನ!"

"ನಿಮ್ಮ ಸಂಗಡ ಕೂತು ಕೆಟ್ಟದರಿ!" ಎಂದಳು ಆಯಿ, ಧೋತರಕ್ಕೆ ಬಾಯಿ ಹಚ್ಚಿ.

ಆಗ ಒಳಗಿನಿಂದ ಒಂದು ಸದ್ದು ಬಂತು. ಒಣ ಕಾಳನ್ನು ತಗಡಿನ ಮೇಲೆ ಸುರಿದಂಥ ಸದ್ದು. ಅದು ಮುತ್ಯಾನ ನಗು ಎಂದು ತಿಳಿಯಲು ನನಗೆ ಹತ್ತು ಸುತ್ತು ಬೇಕಾದವು. ಅಪ್ಪ ನಕ್ಕ, ಖಾಲಾಳ ಗಂಡ ನಕ್ಕ, ಅವ್ವ ಸೆರಗನ್ನು ಬಾಯಿಂದ ತೆಗೆದು ನಕ್ಕಳು. ನನಗೂ ಹೊಟ್ಟೆಯಿಂದ ನಗು ಉಕ್ಕಿ ಬರುತ್ತಿತ್ತು. ಕಾಕಾನ ಮಾತು ನೆನೆದು, ತುಟಿ ಕಚ್ಚಿ, ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ಎಣಿಸುತ್ತ ತಿರುವಿದೆ. ಅವತ್ತಿನ ಪುಟದಲ್ಲಿರುವುದು ಇಷ್ಟೇ: ಒಟ್ಟು ಸುತ್ತು ಮುನ್ನೂರ ನಲವತ್ತೊಂದು. ನಿಲ್ಲಿಸಿದ್ದು ಇಲ್ಲ. ಮುತ್ಯಾ, ಒಂದು. ಕೋತಿಯ ಕೈ, ನಾನು ನೋಡಲಿಲ್ಲ.

ಚಿತ್ರ ಮುಗಿದು ಕದ ತೆರೆದ ಮೇಲೂ ಗಂಡಸರು ಬೇಗ ಹೊರಗೆ ಬರಲಿಲ್ಲ. ಒಲೆಯ ಪಕ್ಕ ಬೆಚ್ಚಗೆ ಕೂತು, ಆಯಿ ಹುರಿದಿಟ್ಟಿದ್ದ ಶೇಂಗಾ ಡಬ್ಬಿಯನ್ನು ಬರಿದು ಮಾಡಿದ್ದರು. ಅದಕ್ಕಿಂತ ದೊಡ್ಡ ಸಂಗತಿಯನ್ನು ಮುತ್ಯಾ ಕಂಡುಹಿಡಿದಿದ್ದ. ನೀರು ಎರಚುವುದು ಒಳಗಿನಿಂದ. ಒದ್ದೆ ಬಟ್ಟೆಯಲ್ಲಿ ಹಾದು ಬಂದ ಬೆಳಕು ಆ ಕಡೆಗೇ ಹೆಚ್ಚು. ಪಡಸಾಲೆಯಲ್ಲಿ ಮಬ್ಬಾಗಿ ಕಾಣುವ ಕೋತಿ ಒಳಗೆ ಮೀಸೆಯ ಕೂದಲು ಎಣಿಸುವಷ್ಟು ಚೊಕ್ಕವಾಗಿ ಕಾಣುತ್ತಿತ್ತು.

"ಇಷ್ಟು ದಿನ ಛಲೋ ಜಾಗಾ ನೀವೇ ಹಿಡದಿದ್ರಿ," ಎಂದ ಮುತ್ಯಾ, ಆಯಿಯ ಕಡೆ ನೋಡದೆ. "ಒಂದು ಮಾತರೆ ಹೇಳಿದ್ರೇನು?"

"ನೀವು ಕೇಳಿದ್ರೇನು?" ಎಂದಳು ಆಯಿ.

ಆರನೆಯ ಶುಕ್ರವಾರ ಯಾರೂ ಯಾರಿಗೂ ಏನೂ ಹೇಳಲಿಲ್ಲ. ಎರಡು ಗಂಟೆಗೆ ಐದು ನಿಮಿಷ ಇರುವಾಗ ಮುತ್ಯಾ ತನ್ನ ಲೋಡನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದ. ಅವನ ಹಿಂದೆ ಉಳಿದವರು. ಆಯಿ ಬಂದು ಲೋಡಿಲ್ಲದ ಗಾದಿಯ ಮೇಲೆ ಗೋಡೆಗೊರಗಿ ಕೂತಳು. ಕಾಕಾ ದೀಪ ಹಚ್ಚಿಕೊಟ್ಟು, ಕಣ್ಣು ಹೊಡೆದು, ಪರದೆಯ ಆಚೆ ಹೋದ. ನಾನು ತಿರುವಿದೆ.

ಆ ವರ್ಷ ಯುಗಾದಿ ಶುಕ್ರವಾರವೇ ಬಂತು. ಎಣ್ಣೆ ಸ್ನಾನ, ಬೇವು ಬೆಲ್ಲ, ಹೋಳಿಗೆ. ಊಟವಾದ ಮೇಲೆ ಮುತ್ಯಾ ನನ್ನನ್ನು ಕರೆದು ತಲೆಯ ಮೇಲೆ ಕೈ ಇಟ್ಟ. ಅವನು ಮರೆತಿರಲಿಲ್ಲ.

"ಹನ್ನೆರಡು ತುಂಬಿದ್ವು. ನಾ ಹೇಳಿದ್ದು ನೆನಪದ ಏನು? ಇವತ್ತಿನಿಂದ ಹೆಣ್ಮಕ್ಕಳ ಕಡೀಗೆ ಕೂಡಬೇಕು."

"ಹೌದ್ರಿ ಮುತ್ಯಾ," ಎಂದೆ. ಹೋಗಿ ಆಯಿಯ ಗಾದಿಯ ಪಕ್ಕ, ಯಂತ್ರದ ಹಿಂದೆ, ಹಿಡಿ ಹಿಡಿದು ಕೂತೆ.

ಮುತ್ಯಾ ನನ್ನನ್ನು ನೋಡಿದ, ಗಾದಿಯ ಮೇಲಿದ್ದ ಆಯಿಯನ್ನು ನೋಡಿದ, ಹೆಣ್ಮಕ್ಕಳಿಗೆಂದು ಚಾಪೆ ಹಾಸಿದ್ದ ಪಡಸಾಲೆಯನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ಆಯಿ ಅವನ ಲೋಡನ್ನು ಎತ್ತಿ ಕೈಗೆ ಕೊಟ್ಟು, ಹೊತ್ತಾತು, ನಡೀರಿ ಒಳಗ, ಎಂದಳು. ಅವನು ಹೋದ.

ಆ ಮೂರು ರೀಲುಗಳನ್ನು ನಾನು ಒಟ್ಟು ಮೂವತ್ತೆಂಟು ಶುಕ್ರವಾರ ತಿರುವಿದ್ದೇನೆ. ನಾಯಿಮರಿಯದು ಎರಡು ಸಲ ತುಂಡಾಯಿತು, ಆಡಿನದು ಗೀರು ಬಿದ್ದು ಮಳೆಯಲ್ಲಿ ನಿಂತಂತೆ ಕಾಣತೊಡಗಿತು, ಕೋತಿ ಮಾತ್ರ ಕಡೆಯವರೆಗೂ ಚೆನ್ನಾಗಿತ್ತು. ಮುಂದೆ ನಿಜಾಮರ ರಾಜ್ಯ ಮುಗಿಯುವ ಹೊತ್ತಿಗೆ ಕೆಟ್ಟ ದಿನಗಳು ಬಂದು, ಕೆಲವು ತಿಂಗಳು ಮನೆ ಬಿಟ್ಟಿದ್ದು ಮರಳಿ ಬಂದಾಗ ಟ್ರಂಕು ಇರಲಿಲ್ಲ. ಆ ಚಿತ್ರಗಳ ಹೆಸರು, ತೆಗೆದವರು, ದೇಶ, ಯಾವುದೂ ನನ್ನ ಪುಸ್ತಕದಲ್ಲಿಲ್ಲ. ಮೊದಲಲ್ಲಿ ಬರುತ್ತಿದ್ದ ಇಂಗ್ಲಿಷ್ ಅಕ್ಷರಗಳನ್ನು ಓದಬಲ್ಲವರು ನಮ್ಮ ಪಡಸಾಲೆಯಲ್ಲೂ ಇರಲಿಲ್ಲ, ನಡುಮನೆಯಲ್ಲೂ ಇರಲಿಲ್ಲ. ಹುಮನಾಬಾದ್, ಕಲ್ಯಾಣಿಯ ಕಡೆ ಆ ಡೇರೆಯವನ ಚಿತ್ರಗಳನ್ನು ಕಂಡವರು, ಕಂಡವರ ಮಕ್ಕಳು ಮೊಮ್ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ಒಂದು ಕಾಗದ ಬರೆಯಿರಿ. ಕೋತಿ ಯಾವ ಕೈಯಿಂದ ತಿಂದಿತು ಎಂದು ಬರೆಯುವುದಾದರೆ, ನಿಮ್ಮವರು ಪರದೆಯ ಯಾವ ಬದಿಗೆ ಕೂತಿದ್ದರು ಎಂಬುದನ್ನೂ ಬರೆಯಿರಿ. ಅದಿಲ್ಲದೆ ನನ್ನ ಪುಸ್ತಕದಲ್ಲಿ ಸೇರಿಸಲು ಬರುವುದಿಲ್ಲ.